ಒಂದು ಹೋಗಿ ಸೊನ್ನೆಯಾದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ರಸಾಯನಶಾಸ್ತ್ರದ ಮೇಷ್ಟರು. ತೂಗಲು ಬರದ, ಕಾಯಿಸಲು ಬರದ, ಆಮ್ಲ ಹುಯ್ದರೂ ಬಣ್ಣ ತಿರುಗದ ಯಾವುದನ್ನೂ ವಿಜ್ಞಾನ ಎಂದು ಒಪ್ಪಲು ನನಗೆ ತುಂಬ ಹೊತ್ತು ಬೇಕು. ಧನಲಕ್ಷ್ಮಿಯವರ ವಿಷಯದಲ್ಲಿ ಒಂಬತ್ತು ವರ್ಷ ಬೇಕಾಯಿತು.

ಅವರು ಜಾಲಹಳ್ಳಿಯ ನಮ್ಮ ಡಿಗ್ರಿ ಕಾಲೇಜಿಗೆ ಭೌತಶಾಸ್ತ್ರ ಹೇಳಿಕೊಡಲು ಬಂದದ್ದು 2008ರ ಜುಲೈನಲ್ಲಿ. ಮೂವತ್ತೈದರ ಆಸುಪಾಸು, ಗಿಡ್ಡ ಆಳು, ಹೆಗಲಿಗೆ ಗಂಡಸರ ಬ್ಯಾಗು. ಬಾಗಲಗುಂಟೆಯ ಹಳೇ ಮನೆತನ. ತಂದೆ ಮುನಿಶಾಮಿ ಇಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಆ ಹೊತ್ತಿಗೆ ತೀರಿಕೊಂಡಿದ್ದರು. ತಾಯಿ ದೊಡ್ಡಮುನಿಯಮ್ಮ ಮಗಳ ಜೊತೆಯಲ್ಲೇ ಇದ್ದರು. ಗಂಡ ಮಣಿಕಂಠ ಐಟಿಐನಲ್ಲಿ ಲೇತ್ ಕೆಲಸ ಕಲಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಖಾಲಿಯಿದ್ದ ಒಂದೇ ಮೇಜು ನನ್ನ ಪಕ್ಕದ್ದು. ಹಾಗಾಗಿ ಮುಂದಿನದನ್ನೆಲ್ಲ ನಾನು ಕಣ್ಣಾರೆ ನೋಡುವಂತಾಯಿತು.

ಬಂದ ಎರಡನೇ ತಿಂಗಳಲ್ಲೇ ಜಗಳ. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ರೀಡಿಂಗ್ ಬೇಯಿಸುವುದು ಎಂದು ಹೆಸರು. ಗುರುತ್ವದ ಬೆಲೆ ಒಂಬತ್ತು ಪಾಯಿಂಟ್ ಎಂಟು ಬರಬೇಕೆಂದು ಹುಡುಗರಿಗೆ ಗೊತ್ತಿರುತ್ತದೆ. ಮೊದಲು ಉತ್ತರ ಬರೆದು, ಆಮೇಲೆ ಅದಕ್ಕೆ ತಕ್ಕ ಅಳತೆಗಳನ್ನು ಹಿಂದಿನಿಂದ ಕಟ್ಟಿಕೊಂಡು ಬರುತ್ತಾರೆ. ನಾವೂ ಹಾಗೇ ಮಾಡಿ ಪಾಸಾದವರು. ಈಯಮ್ಮ ಒಂದು ಬ್ಯಾಚಿನ ಹತ್ತೊಂಬತ್ತು ರೆಕಾರ್ಡ್ ಪುಸ್ತಕಗಳನ್ನು ಸಹಿ ಹಾಕದೆ ವಾಪಸು ಕೊಟ್ಟು, ಒಂಬತ್ತು ಪಾಯಿಂಟ್ ಮೂರು ಎಂದು ತಪ್ಪಾಗಿ ಬರೆದಿದ್ದ ಒಬ್ಬನಿಗೆ ಪೂರ್ತಿ ಅಂಕ ಹಾಕಿದರು. ಹುಡುಗರು ನನ್ನ ಹತ್ತಿರ ದೂರು ತಂದರು.

"ಮೇಡಂ, ಮಕ್ಕಳು ಪಾಸಾಗ್ಬೇಕು ಕಣ್ರೀ, ವಿಜ್ಞಾನಿಗಳಾಗ್ಬೇಕಿಲ್ಲ" ಎಂದೆ.

"ಒಂಬತ್ತು ಪಾಯಿಂಟ್ ಮೂರು ಬರೆದವನು ನಿಜವಾಗ್ಲೂ ಲೋಲಕ ತೂಗಾಡಿಸಿದಾನೆ ಸಾರ್. ಮಿಕ್ಕವರು ಕ್ಯಾಂಟೀನಲ್ಲಿದ್ರು" ಎಂದರು.

ಕ್ಯಾಂಟೀನಲ್ಲಿದ್ದುದು ನಿಜ. ನಾನೂ ಅಲ್ಲೇ ಕಾಫಿ ಕುಡಿಯುತ್ತ ಅವರನ್ನು ನೋಡಿದ್ದೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

2010ರಲ್ಲಿ ಅವರು ಪಾರ್ಟ್ ಟೈಮ್ ಪಿಎಚ್‌.ಡಿ.ಗೆ ಸೇರಿಕೊಂಡರು. ಯಲಹಂಕದ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಘುನಾಥ್ ಎಂಬ ಪ್ರೊಫೆಸರರು ಗೈಡ್. ಪ್ರತಿ ಗುರುವಾರ ಮಧ್ಯಾಹ್ನ ಪಾಠ ಮುಗಿಸಿ, ಗಂಗಮ್ಮನ ಗುಡಿ ಸರ್ಕಲ್, ಎಂ.ಎಸ್. ಪಾಳ್ಯದ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದರು. ಸೀಟು ಸಿಕ್ಕರೆ ಬ್ಯಾಗಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದರು. ಸಿಗದಿದ್ದರೆ ಕಂಬ ಹಿಡಿದು ನಿಂತು ಯೋಚಿಸುತ್ತಿದ್ದರು. ಎರಡು ಸಲ ಯಲಹಂಕ ದಾಟಿ ಮುಂದೆ ಹೋಗಿ ವಾಪಸು ಬಂದದ್ದನ್ನು ಅವರೇ ಹೇಳಿದ್ದಾರೆ.

ವಿಷಯ ಏನೆಂದು ಕೇಳಿದೆ. ಕ್ವಾಂಟಮ್ ವಸ್ತುಗಳ ಟೊಪಾಲಜಿಕಲ್ ಸ್ಥಿತಿಗಳು ಎಂದರು. ಒಂದರ ಮೇಲೊಂದು ಪದರ ಜೋಡಿಸಿದ ಒಂದು ಸ್ಫಟಿಕ. ಅದರ ಒಳಗೆಲ್ಲ ಕರೆಂಟು ಹರಿಯುವುದಿಲ್ಲ, ಅಂಚಿನಲ್ಲಿ ಮಾತ್ರ ಸರಾಗವಾಗಿ ಹರಿಯುತ್ತದೆ. ಅಲ್ಲಲ್ಲಿ ಮುಕ್ಕಾಗಿದ್ದರೂ ಕಸ ಸೇರಿದ್ದರೂ ಆ ಹರಿವು ನಿಲ್ಲುವುದಿಲ್ಲ.

"ಈ ಸ್ಫಟಿಕ ಎಲ್ಲಿ ಸಿಗುತ್ತೆ?"

"ಇನ್ನೂ ಯಾರೂ ಮಾಡಿಲ್ಲ ಸಾರ್. ಮಾಡಿದ್ರೆ ಹೆಂಗಿರುತ್ತೆ ಅಂತ ಲೆಕ್ಕ ಹಾಕ್ತಿದೀನಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಾನು ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಹೇಳಿ ನಕ್ಕೆ. ಅವರೂ ನಕ್ಕರು. ಮಾರನೆಯ ದಿನ ಮಾತ್ರ ಉತ್ತರಪತ್ರಿಕೆ ಕಟ್ಟುವ ಬಿಳಿ ದಾರ ತಂದು, ನನ್ನ ಮೇಜಿನ ಮೇಲಿದ್ದ ಕಬ್ಬಿಣದ ಸ್ಟ್ಯಾಂಡಿಗೆ ಎರಡು ಸುತ್ತು ಸುತ್ತಿ, ತುದಿಗಳನ್ನು ಗಂಟು ಹಾಕಿದರು.

"ಎಷ್ಟು ಸುತ್ತು?"

"ಎರಡು."

"ಈಗ ಎಳೀರಿ, ಜಗ್ಗಿ, ಸಡಿಲ ಮಾಡಿ. ದಾರ ಕತ್ತರಿಸೋ ಹಾಗಿಲ್ಲ, ಕಂಬದ ನೆತ್ತಿ ದಾಟಿಸೋ ಹಾಗಿಲ್ಲ. ಒಂದೂವರೆ ಸುತ್ತು ಮಾಡಿ ನೋಡೋಣ."

ನಾನು ಮೊಂಡ, ಹತ್ತು ನಿಮಿಷ ಜಗ್ಗಾಡಿದೆ. ಎರಡು ಎರಡೇ ಆಗಿತ್ತು. ಅವರ ಸ್ಫಟಿಕದ ಎಲೆಕ್ಟ್ರಾನುಗಳ ಲೆಕ್ಕದಲ್ಲೂ ಅಂಥದೊಂದು ಸುತ್ತಿನ ಸಂಖ್ಯೆ ಇದೆಯಂತೆ. ಅದು ಸೊನ್ನೆಯಾದರೆ ಮಾಮೂಲಿ ವಸ್ತು. ಒಂದಾದರೆ ಅಂಚಿನಲ್ಲಿ ಹರಿವು. ಮುಕ್ಕಾಲು, ಅರ್ಧ ಎಂಬುದಿಲ್ಲ, ಅದಕ್ಕೇ ಸಣ್ಣಪುಟ್ಟ ಕೆಡುಕಿಗೆ ಅದು ಜಗ್ಗುವುದಿಲ್ಲ. ನನಗೆ ಅರ್ಥವಾಯಿತು, ಅರ್ಥವಾಯಿತೆಂದು ಒಪ್ಪಿಕೊಳ್ಳಲಿಲ್ಲ.

ಆ ಸಂಖ್ಯೆಯನ್ನು ಕಂಡುಹಿಡಿಯುವ ಕ್ರಮ ಹೀಗೆ. ಎಲೆಕ್ಟ್ರಾನುಗಳು ಹೇಗೆಲ್ಲ ಚಲಿಸಬಹುದೋ ಅದರದೊಂದು ನಕ್ಷೆ ಇರುತ್ತದೆ. ಅದರ ಮೇಲೆ ಜಾಲ ಹಾಸಿದ ಹಾಗೆ ಚೌಕಗಳನ್ನು ಎಳೆದು, ಒಂದೊಂದು ಚೌಕದ ಸುತ್ತಲೂ ಲೆಕ್ಕ ಮಾಡಿ, ಎಲ್ಲವನ್ನೂ ಕೂಡಿಸಬೇಕು. ಸಂಸ್ಥೆಯಲ್ಲಿ ದೊಡ್ಡ ಕಂಪ್ಯೂಟರ್ ಇತ್ತು. ಆದರೆ ಅಲ್ಲಿ ಇಡೀ ದಿನ ಇರುವ ಹುಡುಗರು ಸರದಿ ಹಚ್ಚಿರುತ್ತಿದ್ದರು, ವಾರಕ್ಕೊಮ್ಮೆ ಬರುವ ಇವರಿಗೆ ಕೇಳಲು ಸಂಕೋಚ. ನಮ್ಮ ಫಿಸಿಕ್ಸ್ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೇ ಭಾನುವಾರ ಬಂದು ಲೆಕ್ಕ ಹಚ್ಚುತ್ತಿದ್ದರು. ಉದ್ದಕ್ಕೆ ಮೂವತ್ತು, ಅಡ್ಡಕ್ಕೆ ಮೂವತ್ತು ಚೌಕ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು, ನಡುವೆ ಕರೆಂಟು ಹೋಗದಿದ್ದರೆ. ಹೋದರೆ ಮುಂದಿನ ಭಾನುವಾರ. ಎನ್‌ಎಸ್‌ಎಸ್ ಕೆಲಸಕ್ಕೆಂದು ಬಂದಾಗಲೆಲ್ಲ ನಾನು ನೋಡಿದ್ದೇನೆ, ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಪರದೆಯ ಮುಂದೆ ಕೂತಿರುತ್ತಿದ್ದರು. ಹೀಗೆ ನಾಲ್ಕು ವರ್ಷದ ಭಾನುವಾರಗಳು ಹೋದವು.

ಫಲವೂ ಬಂತು. 2014ರಲ್ಲಿ ಒಂದು ಸಣ್ಣ ಲೇಖನ ಅಚ್ಚಾಯಿತು. 2015ರಲ್ಲಿ ಮುಖ್ಯವಾದದ್ದು ಹೊರದೇಶದ ಒಳ್ಳೆಯ ಪತ್ರಿಕೆಯಲ್ಲಿ, ಅವರದೂ ರಘುನಾಥರದೂ ಹೆಸರಿನಲ್ಲಿ ಬಂತು. ಆ ಸ್ಫಟಿಕದ ಪದರಗಳನ್ನು ಒಂದು ಹದಕ್ಕೆ ಒತ್ತಿದರೆ ಸಂಖ್ಯೆ ಸೊನ್ನೆಯಿಂದ ಒಂದಾಗುತ್ತದೆ, ಅಂಚು ಜೀವ ತಳೆಯುತ್ತದೆ ಎಂಬುದು ಅದರ ಸಾರ. ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಪ್ರಬಂಧ ಒಪ್ಪಿಸಲು ಎರಡು ಲೇಖನ ಬೇಕು. ಎರಡೂ ಆದವು. ಪಾರ್ಟ್ ಟೈಮಿನವರಿಗೆ ಏಳು ವರ್ಷದ ಗಡುವು, ಅಂದರೆ 2017ರ ಜೂನ್ ಮೂವತ್ತು. ಪ್ರಬಂಧ ಬರೆದು ಕೊಟ್ಟರೆ ಮುಗಿಯಿತು, ಬಾಗಲಗುಂಟೆಯ ಆ ಬೀದಿಗೆ ಮೊದಲ ಡಾಕ್ಟರೇಟು.

ಅಷ್ಟರಲ್ಲಿ 2016ರ ಅಕ್ಟೋಬರಿನಲ್ಲಿ ಇದೇ ವಿಷಯಕ್ಕೆ ಹೊರದೇಶದ ಮೂವರಿಗೆ ನೊಬೆಲ್ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ನಮ್ಮ ಪ್ರಿನ್ಸಿಪಾಲ್ ಶಿವಪ್ಪನವರು. ಪೇಪರಿನಲ್ಲಿ 'ಟೊಪಾಲಜಿ' ಎಂಬ ಪದ ಕಂಡಿದ್ದೇ ತಡ, ಧನಲಕ್ಷ್ಮಿಯವರಿಗೆ ಸನ್ಮಾನ ಇಟ್ಟುಬಿಟ್ಟರು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಭಾಷಣದಲ್ಲಿ ವಡೆಗೆ ಒಂದು ತೂತು, ಇಡ್ಲಿಗೆ ತೂತಿಲ್ಲ, ಇದೇ ಈ ಮಹಾನ್ ಸಂಶೋಧನೆ ಎಂದರು. ಆ ವಡೆ ಆ ತಿಂಗಳು ಪೂರ್ತಿ ನನ್ನ ತಲೆ ತಿಂದಿತು, ಎಲ್ಲ ಪೇಪರಿನಲ್ಲೂ ಅದೇ. ಧನಲಕ್ಷ್ಮಿಯವರು ಶಾಲು ಹೊದ್ದು ಮೈಕಿನ ಮುಂದೆ ನಿಂತು, "ಇದು ನನಗೆ ಬಂದಿದ್ದಲ್ಲ, ದಯವಿಟ್ಟು ಎಲ್ಲರೂ ಗಮನಿಸಬೇಕು" ಎಂದಷ್ಟೇ ಹೇಳಿ ಕೂತರು. ಚಪ್ಪಾಳೆ ಬಿತ್ತು. ವಿನಯ ಎಂದುಕೊಂಡರು.

2017ರ ಮಾರ್ಚ್. ಪ್ರಬಂಧ ಮುಕ್ಕಾಲು ಮುಗಿದಿತ್ತು. ಅದರಲ್ಲಿದ್ದ ಒಂದು ಬಣ್ಣದ ಚಿತ್ರ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ, ನಯ ಮಾಡಿ ಎಂದು ರಘುನಾಥರು ಹೇಳಿದರು. ಚಿತ್ರ ನಯವಾಗಬೇಕಾದರೆ ಚೌಕಗಳು ಸಣ್ಣವಾಗಬೇಕು. ಈ ಸಲ ಸಂಕೋಚ ಬಿಟ್ಟು ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿ, ಉದ್ದಕ್ಕೂ ಅಡ್ಡಕ್ಕೂ ಮೂವತ್ತರ ಜಾಗದಲ್ಲಿ ಮುನ್ನೂರು ಚೌಕ ಇಟ್ಟು ಲೆಕ್ಕ ಹಚ್ಚಿದರು. ಬರೀ ಅಂದಕ್ಕೆ.

ಸಂಖ್ಯೆ ಒಂದು ಬರಬೇಕಾದಲ್ಲಿ ಸೊನ್ನೆ ಬಂತು.

ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಅವರ ಮುಖ ನೋಡಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ನನಗೆ ಮೊದಲು ಹೇಳಿದರು, ಪಕ್ಕದ ಮೇಜಿನವನೆಂದು. ನಾನೂರು ಚೌಕಕ್ಕೂ ಸೊನ್ನೆ, ಆರುನೂರಕ್ಕೂ ಸೊನ್ನೆ. ನಕ್ಷೆಯಲ್ಲಿ ಒಂದೇ ಒಂದು ಕಡೆ ಎರಡು ಶಕ್ತಿಮಟ್ಟಗಳು ಮುಟ್ಟಿಯೇಬಿಟ್ಟವು ಎನ್ನುವಷ್ಟು ಹತ್ತಿರ ಬರುತ್ತವೆ. ಆ ಜಾಗ ಮೂವತ್ತರ ಜಾಲದ ಒಂದು ಚೌಕದ ಹೊಟ್ಟೆಯೊಳಗೆ ಅಡಗಿ ಕೂತಿತ್ತು. ಲೆಕ್ಕ ಅದರ ಸುತ್ತ ನಡೆದುಕೊಂಡು ಹೋಗಿತ್ತೇ ಹೊರತು ಒಳಗೆ ಇಣುಕಿರಲಿಲ್ಲ.

"ತಪ್ಪಾಗಿದ್ರೆ ಸೊಟ್ಟಪಟ್ಟ ಉತ್ತರ ಬರ್ಬೇಕಿತ್ತಲ್ಲ? ಮುಕ್ಕಾಲೋ, ಒಂದೂಕಾಲೋ?" ಎಂದೆ.

"ಅದೇ ಸಾರ್ ಈ ವಿಧಾನದ ಮೋಸ. ಯಾವಾಗ್ಲೂ ಪೂರ್ಣಾಂಕವೇ ಬರೋ ಹಾಗೆ ಅದನ್ನ ಕಟ್ಟಿರೋದು. ಸರಿಯಾದ್ರೂ ಪೂರ್ಣಾಂಕ, ತಪ್ಪಾದ್ರೂ ಪೂರ್ಣಾಂಕ. ನೀಟಾಗಿ ಒಂದು ಅಂತ ಬಂತು, ನಾನು ನಂಬ್ಕೊಂಡೆ."

ಮೋಸ ಹೋಗುವುದಾದರೆ ಅವರು ಹೋಗಬೇಕಾದದ್ದು ಇಂಥದಕ್ಕೇ ಎಂದು ಈಗ ಅನಿಸುತ್ತದೆ. ಬೇಯಿಸಿದ ರೀಡಿಂಗ್ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇದನ್ನು ಯಾರೂ ಬೇಯಿಸಿರಲಿಲ್ಲ, ತಾನಾಗಿಯೇ ಚೊಕ್ಕಟವಾಗಿ ಬಂದಿತ್ತು.

ನಾನು ಏನು ಸಲಹೆ ಕೊಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. "ಎರಡು ವರ್ಷದಿಂದ ಲೇಖನ ಅಚ್ಚಲ್ಲಿದೆ. ಯಾರಾದ್ರೂ ಕಂಡುಹಿಡಿದ್ರಾ? ಇಲ್ಲ. ಜೂನಲ್ಲಿ ಸಬ್ಮಿಟ್ ಮಾಡಿ, ಡಿಗ್ರಿ ತಗೊಳ್ಳಿ, ಆಮೇಲೆ ನಿಧಾನಕ್ಕೆ ತಿದ್ದುಪಡಿ ಬರೀರಿ. ಅವಸರ ಏನಿದೆ?" ಎಂದೆ. ನನ್ನ ಬುದ್ಧಿಯೇ ಅಷ್ಟು. ಆ ಲೇಖನ ತಪ್ಪೆಂದು ಪತ್ರಿಕೆಗೆ ಬರೆದು ಹಿಂತೆಗೆದರೆ ಕೈಯಲ್ಲಿ ಉಳಿಯುವುದು ಒಂದೇ, ಒಂದಕ್ಕೆ ಪ್ರಬಂಧ ಒಪ್ಪಿಸಲು ಬರುವುದಿಲ್ಲ, ಜೂನ್ ಮೂವತ್ತಕ್ಕೆ ನೋಂದಣಿಯೇ ರದ್ದು. ಏಳು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಗಡಿಯಾರ ನೋಡಿ, "ಎರಡು ಗಂಟೆಗೆ ಸೆಕೆಂಡ್ ಇಯರ್ ಲ್ಯಾಬ್ ಇದೆ ಸಾರ್. ಹುಡುಗರು ಲೋಲಕದ ರೀಡಿಂಗ್ ತರ್ತಾರೆ. ನಾನು ಯಾವ ಮುಖ ಇಟ್ಕೊಂಡು ನೋಡ್ಲಿ?" ಎಂದರು.

ರಘುನಾಥರು ಕೆಟ್ಟವರಲ್ಲ. ಅವರ ಹೆಸರೂ ಲೇಖನದಲ್ಲಿತ್ತು. ಒಂದು ವಾರ ಯೋಚನೆ ಮಾಡಿ, ಗಡುವು ನಿಮ್ಮದು, ನಷ್ಟವೂ ಹೆಚ್ಚಾಗಿ ನಿಮ್ಮದೇ, ನೀವು ಹೇಳಿದ ಹಾಗೆ ಎಂದರಂತೆ. ಆ ವಾರದ ಭಾನುವಾರ ನಾನು ಬಾಗಲಗುಂಟೆಗೆ ಅವರ ಮನೆಗೆ ಹೋದೆ, ಮನಸ್ಸು ಬದಲಾಯಿಸಿಯೇ ಬರುತ್ತೇನೆಂದು. ದೊಡ್ಡಮುನಿಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಗಳು ಒಳಗೆ ಕಾಗದಗಳ ನಡುವೆ ಕೂತಿದ್ದರು. ಕಣ್ಣು ಕೆಂಪಾಗಿದ್ದವು.

"ಏನ್ ಸ್ವಾಮಿ ಇದು, ಏಳ್ ವರ್ಸ ಬರ್ದಿದ್ದು ತಪ್ಪಾಗೋಯ್ತಂತೆ. ತಪ್ಪು ಅಂತ ಯಾರು ಏಳಿದ್ದು?" ಎಂದು ಆ ತಾಯಿ ಕೇಳಿದರು.

"ಯಾರೂ ಹೇಳಿಲ್ಲಮ್ಮ. ಇವರೇ ಹೇಳ್ತಿರೋದು."

"ಇವ್ಳೇ ಏಳಿದ್ಮೇಲೆ ಇನ್ನೇನ್ ಐತೆ? ಸುಮ್ಕೆ ಅತ್ಕೊಂಡ್ ಯಾಕ್ ಕುಂತವ್ಳೆ? ಉಣ್ಣಾಕ್ ಬಾ ಅನ್ನಿ."

ನಾನು ಮನಸ್ಸು ಬದಲಾಯಿಸಲು ಹೋದವನು ಅವರೆಕಾಳು ಸಾರು, ಮುದ್ದೆ ಉಂಡು ಬಂದೆ. ಊಟಕ್ಕೆ ಕೂತಾಗ ಮಣಿಕಂಠ, "ಅವಳು ಬರೆದು ಮುಗಿಸಿಬಿಟ್ಟಿದಾಳೆ ಸಾರ್, ನೀವು ಬರೋ ಮುಂಚೆನೇ" ಎಂದು ಮೆಲ್ಲಗೆ ಹೇಳಿದರು.

ಹಿಂತೆಗೆತದ ಟಿಪ್ಪಣಿ ಎರಡು ಪುಟ. ಇಂಥ ಟಿಪ್ಪಣಿಗಳು ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಮುಖ ಮುಚ್ಚಿಕೊಂಡು ಮುಗಿಯುತ್ತವಂತೆ. ಇವರು ಚೌಕ ಎಲ್ಲಿ ದೊಡ್ಡದಾಯಿತು, ಪೂರ್ಣಾಂಕ ಹೇಗೆ ಕಣ್ಣಿಗೆ ಮಣ್ಣೆರಚಿತು, ಮುಂದೆ ಯಾರೂ ಹೀಗೆ ಬೀಳದಿರಲು ಏನನ್ನು ಪರೀಕ್ಷಿಸಬೇಕು ಎಂದೆಲ್ಲ ಚಿತ್ರ ಸಮೇತ ಬರೆದಿದ್ದರು. ರಘುನಾಥರು ಓದಿ, ಒಂದಕ್ಷರ ತಿದ್ದದೆ ಸಹಿ ಹಾಕಿದರು. ಮೇ ತಿಂಗಳಲ್ಲಿ ಅದು ಅಚ್ಚಾಯಿತು. ಹಿಂತೆಗೆತವನ್ನು ಲೇಖನವೆಂದು ಎಣಿಸಲು ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶವಿರಲಿಲ್ಲ. ಜುಲೈ ಮೊದಲ ವಾರ ನೋಂದಣಿ ರದ್ದಾದ ಪತ್ರ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರಾಗಿಯೇ ಆ ತುತ್ತನ್ನು ತಟ್ಟೆಗೆ ವಾಪಸು ಇಟ್ಟಿದ್ದರು. ಶಿವಪ್ಪನವರು ಸನ್ಮಾನದ ಫೋಟೋವನ್ನು ಆಫೀಸಿನ ಗೋಡೆಯಿಂದ ಇಳಿಸಿದರು. ಆ ದಿನ ನಾನು ಅವರ ಕೋಣೆಗೆ ಹೋಗಿ ಜೋರಾಗಿ ಜಗಳ ಆಡಿದೆ. ಸರ್ವೀಸಿನಲ್ಲಿ ನಾನು ಇನ್ನೊಬ್ಬರಿಗಾಗಿ ಆಡಿದ ಜಗಳ ಅದೊಂದೇ.

ಆ ಹೊತ್ತಿಗೆ ನನಗೆ ಅವರ ಮೇಲೆ ಬಂದದ್ದು ಕನಿಕರವಲ್ಲ, ಗೌರವ. ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದಿದೆ. ಅದಕ್ಕಾಗಿ ನಾನು ಬರೆದ ಪ್ರಬಂಧದಲ್ಲಿ ಒಂದು ಗ್ರಾಫ್ ಇದೆ, ಅದರ ಗೆರೆಗೆ ಹೊಂದದ ಎರಡು ಬಿಂದುಗಳನ್ನು ನಾನು ರಬ್ಬರಿನಿಂದ ಅಳಿಸಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಧನಲಕ್ಷ್ಮಿಯವರು 2018ರಲ್ಲಿ ಮತ್ತೆ ಅರ್ಜಿ ಹಾಕಿದರು. ಹಳೆಯ ನೋಂದಣಿ ಸತ್ತರೆ ಅದರ ಪರೀಕ್ಷೆಯೂ ಸತ್ತಂತೆ, ಆದ್ದರಿಂದ ಹೊಸಬರ ಹಾಗೆ ಮೊದಲಿನಿಂದ ಕೋರ್ಸ್ ವರ್ಕ್ ಪರೀಕ್ಷೆ ಬರೆಯಬೇಕು. 2019ರ ಜನವರಿಯಲ್ಲಿ ಯಲಹಂಕದ ಒಂದು ಕಾಲೇಜಿನಲ್ಲಿ ಪರೀಕ್ಷೆ. ಕೊಠಡಿ ಮೇಲ್ವಿಚಾರಕರಾಗಿ ಹೊರಗಿನ ಕಾಲೇಜುಗಳಿಂದ ಕೆಲವರನ್ನು ಹಾಕಿದ್ದರು, ಅದರಲ್ಲಿ ನಾನೊಬ್ಬ. ಇಪ್ಪತ್ಮೂರು, ಇಪ್ಪತ್ನಾಲ್ಕರ ಹುಡುಗ ಹುಡುಗಿಯರ ನಡುವೆ ಮೂರನೇ ಬೆಂಚಿನಲ್ಲಿ ನಲವತ್ತಾರರ ಧನಲಕ್ಷ್ಮಿಯವರು ಕೂತಿದ್ದರು. ನಾನು ಹತ್ತಿರ ಹೋದಾಗ ಹಾಲ್ ಟಿಕೆಟ್ ಮುಂದೆ ಸರಿಸಿದರು. ಗುರುತಿನ ನಗೆಯನ್ನೂ ನಗಲಿಲ್ಲ. ನಾನು ಸಹಿ ಹಾಕಿ ಮುಂದೆ ಹೋದೆ.

ರೂಢಿಯಂತೆ ಸೂಚನೆಗಳನ್ನು ಗಟ್ಟಿಯಾಗಿ ಓದಿದೆ. ಉತ್ತರಪತ್ರಿಕೆಯ ಒಳಗೆ ಎಲ್ಲೂ ನಿಮ್ಮ ಹೆಸರು, ಗುರುತು ಬರೆಯಕೂಡದು, ಬರೆದರೆ ಮಾಲ್‌ಪ್ರಾಕ್ಟೀಸ್, ಪತ್ರಿಕೆ ರದ್ದು. ಆಮೇಲೆ ಪ್ರಶ್ನೆಪತ್ರಿಕೆ ಹಂಚಿದೆ. ಮಿಕ್ಕಿದ್ದ ಒಂದು ಪ್ರತಿಯನ್ನು ಸುಮ್ಮನೆ ಓದುತ್ತ ನಿಂತವನು ನಾಲ್ಕನೇ ಪ್ರಶ್ನೆಗೆ ಬಂದು ನಿಂತೇಬಿಟ್ಟೆ. 'ಜಾಲದ ಚೌಕಗಳು ದೊಡ್ಡವಾಗಿದ್ದರೆ ಲೆಕ್ಕದಲ್ಲಿ ಬರುವ ಪೂರ್ಣಾಂಕ ತಪ್ಪಾಗಿರಬಹುದು. ಏಕೆ? ಪ್ರಕಟವಾದ ಒಂದು ಉದಾಹರಣೆಯನ್ನು ಲೇಖಕರ ಹೆಸರಿನೊಂದಿಗೆ ವಿವರಿಸಿ. ಹತ್ತು ಅಂಕ.'

ಪತ್ರಿಕೆ ತಯಾರಿಸಿದವರು ಯಾರೋ ಬೇರೆ ವಿಶ್ವವಿದ್ಯಾಲಯದವರು, ಇವರ ಮುಖ ಕಂಡವರಲ್ಲ. ಆ ಎರಡು ಪುಟದ ಟಿಪ್ಪಣಿ ಅವರವರೆಗೆ ಹೋಗಿ ಪಾಠವಾಗಿತ್ತು. ಡಾಕ್ಟರೇಟು ಕಸಿದ ತಪ್ಪೇ ಈಗ ಡಾಕ್ಟರೇಟಿನ ಪ್ರಶ್ನೆಯಾಗಿ ಇವರ ಮುಂದೆ ಬಿದ್ದಿತ್ತು. ನಾನು ಮೂರನೇ ಬೆಂಚಿನ ಕಡೆ ನೋಡಿದೆ. ಅವರು ಪೆನ್ನು ಕೆಳಗಿಟ್ಟು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ಆಮೇಲೆ ಬರೆಯಲು ಶುರು ಮಾಡಿದವರು ತಲೆ ಎತ್ತಲಿಲ್ಲ. ಮೇಲ್ವಿಚಾರಕರು ಮಾತಾಡಬಾರದು. ಆ ಮಕ್ಕಳಿಗೆಲ್ಲ ಇವರು ಯಾರೆಂದು ಕೂಗಿ ಹೇಳಬೇಕೆನಿಸಿತು, ಕಿಟಕಿಯ ಹತ್ತಿರ ಹೋಗಿ ನಿಂತೆ.

ಮಾರ್ಚಿನಲ್ಲಿ ಫಲಿತಾಂಶ ಬಂತು, ಪಾಸಾಗಿದ್ದರು. ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿದ್ದರು, ಅದನ್ನು ನನ್ನ ಮೇಜಿನ ಮೇಲಿಟ್ಟರು. ನಾಲ್ಕನೇ ಪ್ರಶ್ನೆಗೆ ಆರು ಅಂಕ ಬಿದ್ದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ವಿವರಣೆ ಚೆನ್ನಾಗಿದೆ, ಲೇಖಕರ ಹೆಸರು ಗೊತ್ತಿಲ್ಲ' ಎಂದು ಬರೆದಿತ್ತು.

"ನಾಲ್ಕು ಮಾರ್ಕು ಹೋಯ್ತಲ್ಲ ಮೇಡಂ. ನಿಮ್ಮ ಹೆಸ್ರಂತೂ ಬರೆಯೋ ಹಾಗಿರ್ಲಿಲ್ಲ, ಬೇರೆಯವರ ಉದಾಹರಣೆ ಯಾವ್ದಾದ್ರೂ ಬರೀಬಾರ್ದಿತ್ತಾ?"

"ಇತ್ತೋ ಏನೋ ಸಾರ್. ನಂಗೆ ಒಳಗಿಂದ ಗೊತ್ತಿರೋ ತಪ್ಪು ಅದೊಂದೇ."

"ರಿವ್ಯಾಲ್ಯುಯೇಷನ್‌ಗೆ ಹಾಕಿ, ಆ ತಪ್ಪು ಮಾಡಿದೋಳು ನಾನೇ ಅಂತ ಬರೀರಿ. ಹತ್ತಕ್ಕೆ ಹತ್ತು ಕೊಡ್ತಾರೆ."

"ಬೇಡ ಸಾರ್. ಹೆಸ್ರು ಕೇಳಿದ್ರು, ನಾನು ಬರೀಲಿಲ್ಲ. ಆರು ಸರಿಯಾಗೇ ಇದೆ" ಎಂದು ಜೆರಾಕ್ಸ್ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಎರಡು ಗಂಟೆಯ ಲ್ಯಾಬಿಗೆ ಹೋದರು.